ನಿಮ್ಮ ಕೇಬಲ್‌ನವನಿಗೆ ಲೈಸೆನ್ಸ್ ಕೊಟ್ಟವರು ಯಾರು?

ಒಂದು ಸಣ್ಣ ಪ್ರಶ್ನೆ ಕೇಳ್ತೀನಿ, ಯೋಚನೆ ಮಾಡಿ ಉತ್ತರ ಹೇಳಿ.

ನಿಮ್ಮ ಬೀದಿಯ ಮೆಡಿಕಲ್ ಶಾಪ್‌ಗೆ ಹೋದರೆ ಗೋಡೆ ಮೇಲೆ ಫ್ರೇಮ್ ಹಾಕಿಸಿದ ಲೈಸೆನ್ಸ್ ಕಾಣುತ್ತೆ. ಹೋಟೆಲ್‌ಗೆ ಹೋದರೆ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಫೋಟೋ ಪಕ್ಕದಲ್ಲಿ ಒಂದು ಲೈಸೆನ್ಸ್ ನೇತಾಡುತ್ತಿರುತ್ತೆ. ಬೆಂಗಳೂರಲ್ಲಿ ಆಟೋ ಹತ್ತಿದರೆ ಚಾಲಕನ ಸೀಟಿನ ಬೆನ್ನಿಗೆ ಅವನ ಫೋಟೋ ಇರುವ ಕಾರ್ಡ್. ಸರಿ. ತಿಂಗಳಿಗೊಂದು ಸಲ ನಿಮ್ಮ ಮನೆ ಬಾಗಿಲಿಗೆ ಬಂದು, ಇನ್ನೂರೋ ಮುನ್ನೂರೋ ಇಸ್ಕೊಂಡು ಹೋಗ್ತಾನಲ್ಲ ಕೇಬಲ್‌ನವನು, ಅವನನ್ನು ಯಾವತ್ತಾದರೂ 'ಏನಪ್ಪಾ, ನಿನ್ನ ಲೈಸೆನ್ಸ್ ಎಲ್ಲಿ?' ಅಂತ ಕೇಳಿದ್ದೀರಾ?

ಕೇಳಿಲ್ಲ. ನಾನೂ ಕೇಳಿಲ್ಲ. ನಮ್ಮ ಹಳೇ ಬೀದಿಯ ಕೇಬಲ್‌ನವನನ್ನು ನಮ್ಮಮ್ಮ ಮಗನ ಥರ ಮಾತಾಡಿಸ್ತಿದ್ದರು. ಮಳೆ ಬಂದು ಚಿತ್ರ ಹೋದರೆ ಬೈಯೋದು, ಬಂದು ಸರಿ ಮಾಡಿದರೆ ಕಾಫಿ ಕೊಡೋದು. ಇಪ್ಪತ್ತು ವರ್ಷ ಅವನು ನಮ್ಮ ಮನೆಗೆ ಜಗತ್ತನ್ನೇ ತಂದುಕೊಟ್ಟ. ಅವನಿಗೆ ಆ ಕೆಲಸ ಮಾಡೋ ಅಧಿಕಾರ ಕೊಟ್ಟವರು ಯಾರು ಅನ್ನೋದು ಮಾತ್ರ ನಮಗೆ ಗೊತ್ತಿರಲಿಲ್ಲ.

ಉತ್ತರ ಹೇಳಿಬಿಡ್ತೀನಿ. ಪೋಸ್ಟ್ ಮಾಸ್ಟರು.

ಹೌದು ಸ್ವಾಮಿ, ತಮಾಷೆ ಅಲ್ಲ. ಮೂವತ್ತು ವರ್ಷ ಈ ದೇಶದಲ್ಲಿ ಕೇಬಲ್ ಟಿವಿ ನಡೆಸೋಕೆ ಕಾಗದ ಕೊಡುತ್ತಿದ್ದದ್ದು ನಿಮ್ಮೂರಿನ ಪ್ರಧಾನ ಅಂಚೆ ಕಚೇರಿ. ಐನೂರು ರೂಪಾಯಿ ಶುಲ್ಕ, ಒಂದು ಅರ್ಜಿ, ಒಂದು ಘೋಷಣಾಪತ್ರ. ಹೆಡ್ ಪೋಸ್ಟ್ ಮಾಸ್ಟರ್ ಸಹಿ ಹಾಕಿ ಸೀಲು ಒತ್ತಿದರೆ ಹನ್ನೆರಡು ತಿಂಗಳ ಮಟ್ಟಿಗೆ ನೀವು ಕೇಬಲ್ ಆಪರೇಟರ್. ಮುಂದಿನ ವರ್ಷ ಮತ್ತೆ ಹೋಗಿ ನವೀಕರಣ ಮಾಡಿಸಿಕೊಳ್ಳಬೇಕು. 2025ರ ಜನವರಿ 17ರಂದು ಆ ಪದ್ಧತಿ ಮುಗಿಯಿತು. ಈಗ ಎಲ್ಲವೂ ಆನ್‌ಲೈನ್. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ನೇರವಾಗಿ ನೋಂದಣಿ ಕೊಡುತ್ತದೆ. ಐದು ಸಾವಿರ ರೂಪಾಯಿ ಶುಲ್ಕ, ಐದು ವರ್ಷದ ಅವಧಿ, ಇಡೀ ದೇಶಕ್ಕೆ ಅನ್ವಯ.

ಇದರಲ್ಲೇನಿದೆ ಸುದ್ದಿ ಅಂತ ನೀವು ಕೇಳಬಹುದು. ಇದೆ. ನಿಮ್ಮ ಮನೆಯ ಟಿವಿಯಲ್ಲಿ ಏನು ಬರಬೇಕು, ಏನು ಬರಬಾರದು, ನಿಮ್ಮೂರಿನ ಸುದ್ದಿ ನಿಮಗೆ ತಲುಪುತ್ತೋ ಇಲ್ಲವೋ, ಇದೆಲ್ಲಾ ಆ ಒಂದು ತಂತಿಯ ಮೇಲೆ ನಿಂತಿದೆ. ಆ ತಂತಿಗೆ ಯಾರು ಯಜಮಾನ, ಅವನಿಗೆ ಯಾರು ಯಜಮಾನ ಅನ್ನೋದನ್ನ ಇವತ್ತು ಬಿಡಿಸಿ ಹೇಳ್ತೀನಿ.

ಅದಕ್ಕೂ ಮೊದಲು ಒಂದು ಮಾತು. ಈ ವಿಷಯದಲ್ಲಿ ನಾನು ಪೂರ್ತಿ ಹೊರಗಿನವನಲ್ಲ. ನಾನು ಮಾತಾಡೋ ಚಾನೆಲ್ ಕೂಡ ಅದೇ ತಂತಿಯಲ್ಲೇ ನಿಮ್ಮ ಮನೆಗೆ ಬರಬೇಕು. ಕೇಬಲ್‌ನವರು ಮನಸ್ಸು ಮಾಡಿದರೆ ನಾನು ನಿಮಗೆ ಕಾಣ್ತೀನಿ, ಇಲ್ಲದಿದ್ದರೆ ಸ್ಟುಡಿಯೋದಲ್ಲಿ ಗೋಡೆಗೆ ಭಾಷಣ ಮಾಡ್ತಾ ಕೂತಿರ್ತೀನಿ. ಈ ಹಂಗು ಇಟ್ಟುಕೊಂಡೇ ಹೇಳ್ತಿದ್ದೀನಿ ಅನ್ನೋದು ನಿಮಗೆ ಗೊತ್ತಿರಲಿ.

ಈಗ ಹಿಂದಕ್ಕೆ ಹೋಗೋಣ.

1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಕಲರ್ ಟಿವಿ ಬಂತು. ಅದರ ಹಿಂದೆಯೇ ವಿಸಿಆರ್ ಬಂತು. ಆಗ ಯಾರೋ ಒಬ್ಬ ಬುದ್ಧಿವಂತನಿಗೆ ಹೊಳೆಯಿತು: ಒಂದು ವಿಸಿಆರ್ ಇಟ್ಟು, ಅಲ್ಲಿಂದ ಅಕ್ಕಪಕ್ಕದ ಮನೆಗಳಿಗೆ ವೈರ್ ಎಳೆದರೆ, ಒಂದೇ ಕ್ಯಾಸೆಟ್‌ನಲ್ಲಿ ಐವತ್ತು ಮನೆಗೆ ಸಿನಿಮಾ ತೋರಿಸಬಹುದಲ್ಲ! ಕೇಬಲ್ ಟಿವಿ ಹುಟ್ಟಿದ್ದು ಹಾಗೆ. ಯಾವ ಸರ್ಕಾರವೂ ಯೋಜನೆ ಹಾಕಲಿಲ್ಲ, ಯಾವ ಬ್ಯಾಂಕೂ ಸಾಲ ಕೊಡಲಿಲ್ಲ. ರೇಡಿಯೋ ರಿಪೇರಿಯವನು, ವಿಡಿಯೋ ಲೈಬ್ರರಿಯವನು, ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಕೂತಿದ್ದ ಹುಡುಗ, ಇವರು ತೆಂಗಿನಮರದಿಂದ ತಾರಸಿಗೆ, ತಾರಸಿಯಿಂದ ಲೈಟು ಕಂಬಕ್ಕೆ ವೈರು ಕಟ್ಟಿದರು.

1991ರ ಜನವರಿಯಲ್ಲಿ ಕೊಲ್ಲಿ ಯುದ್ಧ. ಬಾಗ್ದಾದ್ ಮೇಲೆ ಬಾಂಬ್ ಬೀಳೋದನ್ನ ಸಿಎನ್‌ಎನ್ ನೇರವಾಗಿ ತೋರಿಸಿತು. ಜನ ಬೆರಗಾಗಿಬಿಟ್ಟರು. ತಾರಸಿಗಳ ಮೇಲೆ ಡಿಶ್‌ಗಳು ಎದ್ದವು. ಅದೇ ವರ್ಷ ಸ್ಟಾರ್ ಟಿವಿ ಬಂತು, 1992ರಲ್ಲಿ ಝೀ, 1994ರಲ್ಲಿ ನಮ್ಮ ಉದಯ ಟಿವಿ. ದೂರದರ್ಶನ ಒಂದನ್ನೇ ನೋಡುತ್ತಿದ್ದ ಮನೆಯಲ್ಲಿ ನಾಲ್ಕೈದು ವರ್ಷದಲ್ಲಿ ರಿಮೋಟ್‌ಗಾಗಿ ಜಗಳ ಶುರುವಾಯಿತು.

ಸರ್ಕಾರ ಕಣ್ಣು ಬಿಟ್ಟು ನೋಡೋ ಹೊತ್ತಿಗೆ ಊರೂರಲ್ಲೂ ಕೇಬಲ್ ಜಾಲ ಹರಡಿಬಿಟ್ಟಿತ್ತು. ತಡೆಯೋಕೆ ಆಗಲ್ಲ, ಬಿಡೋಕೂ ಆಗಲ್ಲ. 1994ರ ಸೆಪ್ಟೆಂಬರ್ 29ರಂದು ಸುಗ್ರೀವಾಜ್ಞೆ ತಂದರು. 1995ರ ಮಾರ್ಚ್‌ನಲ್ಲಿ ಅದೇ ಕಾಯ್ದೆ ಆಯಿತು. ಹೆಸರು, ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆ. ಅದರ ಮೂರನೇ ಸೆಕ್ಷನ್ ಹೇಳೋದು ಇಷ್ಟೇ: ನೋಂದಣಿ ಇಲ್ಲದೆ ಯಾರೂ ಕೇಬಲ್ ಜಾಲ ನಡೆಸುವಂತಿಲ್ಲ.

ಸರಿ, ನೋಂದಣಿ ಮಾಡೋರು ಯಾರು? ದೆಹಲಿಯಲ್ಲಿ ಕೂತ ಸಚಿವಾಲಯಕ್ಕೆ ಶಿರಸಿಯಲ್ಲೋ ಸಿಂಧನೂರಲ್ಲೋ ಕೈಕಾಲಿಲ್ಲ. ಜಿಲ್ಲಾಡಳಿತ ರಾಜ್ಯ ಸರ್ಕಾರದ್ದು. ಕೇಂದ್ರ ಸರ್ಕಾರದ ಕಚೇರಿ ಅಂತ ಪ್ರತಿ ಊರಲ್ಲೂ ಇರೋದು ಒಂದೇ, ಪೋಸ್ಟ್ ಆಫೀಸು. ಅಂಚೆಯವರಿಗೆ ಈ ಕೆಲಸ ಹೊಸದೂ ಅಲ್ಲ. ನಿಮ್ಮ ತಾತನ ಕಾಲದ ಪೆಟ್ಟಿಗೆ ತೆಗೆದು ನೋಡಿ, ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕರೂ ಸಿಗಬಹುದು. ಎಂಬತ್ತರ ದಶಕದ ಮಧ್ಯದವರೆಗೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಿತ್ತು, ಆ ಶುಲ್ಕ ಕಟ್ಟುತ್ತಿದ್ದದ್ದು ಅಂಚೆ ಕಚೇರಿಯಲ್ಲಿ. ಹಳೇ ಅಭ್ಯಾಸ ಮುಂದುವರೀತು ಅಷ್ಟೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ನಾವೆಲ್ಲಾ ಬಾಯಿಮಾತಿಗೆ 'ಕೇಬಲ್ ಲೈಸೆನ್ಸ್' ಅಂತೀವಿ. ಕಾಯ್ದೆಯಲ್ಲಿ ಇರೋದು ಲೈಸೆನ್ಸ್ ಅಲ್ಲ, ನೋಂದಣಿ. ಎರಡಕ್ಕೂ ಏನು ವ್ಯತ್ಯಾಸ?

ಲೈಸೆನ್ಸ್ ಅಂದರೆ, ಇದು ಸಾರ್ವಜನಿಕರ ಸ್ವತ್ತು, ಇದನ್ನು ಬಳಸೋಕೆ ನಿನಗೆ ಇಂತಿಂಥ ಷರತ್ತಿನ ಮೇಲೆ ಅನುಮತಿ ಕೊಟ್ಟಿದ್ದೇವೆ ಅಂತ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಸ್ವತ್ತೂ ಅಲ್ಲ, ಖಾಸಗಿಯವರ ಸ್ವತ್ತೂ ಅಲ್ಲ ಅಂತ. ಹೀಗಾಗಿ ಎಫ್‌ಎಂ ರೇಡಿಯೋದವರು ಹರಾಜಿನಲ್ಲಿ ಕೋಟಿಗಟ್ಟಲೆ ಸುರಿದು ತರಂಗ ಪಡೆಯಬೇಕು.

ಕೇಬಲ್‌ನವನು ತರಂಗ ಬಳಸಲ್ಲ. ತಂತಿ ಅವನದೇ, ಆಂಪ್ಲಿಫೈಯರ್ ಅವನದೇ. ಹಾಗಾಗಿ ಅವನು 'ನಾನಿದ್ದೀನಿ, ಈ ಊರಲ್ಲಿ ಈ ಕೆಲಸ ಮಾಡ್ತಿದ್ದೀನಿ' ಅಂತ ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸಿದರೆ ಸಾಕು. ಅದು ನೋಂದಣಿ. ಒಂದೇ ಬೀದಿಗೆ ನಾಲ್ಕು ಜನ ನೋಂದಣಿ ಮಾಡಿಸಿಕೊಂಡು ನಾಲ್ಕು ತಂತಿ ಎಳೆದರೂ ಕಾಯ್ದೆ ಬೇಡ ಅನ್ನಲ್ಲ. ಕಾಗದದ ಮೇಲೆ ಏಕಸ್ವಾಮ್ಯ ಅನ್ನೋದೇ ಇಲ್ಲ.

ಕಾಗದದ ಮೇಲೆ ಇಲ್ಲ. ಬೀದಿಯಲ್ಲಿ ಇದೆ! ನಿಮ್ಮ ಬೀದಿಗೆ ಎಷ್ಟು ಜನ ಕೇಬಲ್‌ನವರು ಇದ್ದಾರೆ? ಒಬ್ಬನೇ. ಪಕ್ಕದ ಬೀದಿಯವನನ್ನು ಕರೆದರೆ ಏನಂತಾನೆ? 'ಅದು ನನ್ನ ಏರಿಯಾ ಅಲ್ಲ ಸಾರ್.' ಏರಿಯಾ ಹಂಚಿಕೊಟ್ಟವರು ಯಾರು? ಸರ್ಕಾರ ಅಲ್ಲ, ಪೋಸ್ಟ್ ಮಾಸ್ಟರೂ ಅಲ್ಲ. ಅವರವರೇ ಹಂಚಿಕೊಂಡಿದ್ದಾರೆ. ಆ ಹಂಚಿಕೆಗಾಗಿ ರಾತ್ರೋರಾತ್ರಿ ತಂತಿ ಕತ್ತರಿಸಿದ್ದೂ ಇದೆ, ಹೊಡೆದಾಡಿ ಸ್ಟೇಷನ್ ಮೆಟ್ಟಿಲು ಹತ್ತಿದ್ದೂ ಇದೆ.

ಈಗ ಈ ವ್ಯವಸ್ಥೆಯ ಮೂರು ಮೆಟ್ಟಿಲು ಹೇಳ್ತೀನಿ.

ಮೇಲಿನ ಮೆಟ್ಟಿಲಲ್ಲಿ ನಮ್ಮಂಥ ಚಾನೆಲ್‌ನವರು, ಅಂದರೆ ಬ್ರಾಡ್‌ಕಾಸ್ಟರ್. ಕಾರ್ಯಕ್ರಮವನ್ನು ಉಪಗ್ರಹಕ್ಕೆ ಕಳಿಸೋಕೆ, ಅಲ್ಲಿಂದ ದೇಶದಲ್ಲಿ ಇಳಿಸೋಕೆ ನಮಗೆ ವಾರ್ತಾ ಸಚಿವಾಲಯದ ಅನುಮತಿ ಬೇಕು. ಗೃಹ ಸಚಿವಾಲಯದ ಭದ್ರತಾ ತಪಾಸಣೆಯೂ ಆಗಬೇಕು.

ಮಧ್ಯದ ಮೆಟ್ಟಿಲಲ್ಲಿ ಎಂಎಸ್‌ಒ. ಮಲ್ಟಿ ಸಿಸ್ಟಮ್ ಆಪರೇಟರ್ ಅಂತ. ದೊಡ್ಡ ದೊಡ್ಡ ಡಿಶ್ ಇಟ್ಟು ನೂರಾರು ಚಾನೆಲ್ ಹಿಡಿದು, ಒಟ್ಟುಗೂಡಿಸಿ, ಫೈಬರ್‌ನಲ್ಲಿ ಊರೂರಿಗೆ ಕಳಿಸೋನು. ಅವನ ನೋಂದಣಿಯೂ ದೆಹಲಿಯಲ್ಲೇ, ಶುಲ್ಕ ಒಂದು ಲಕ್ಷ ರೂಪಾಯಿ. 2024ರ ಸೆಪ್ಟೆಂಬರ್‌ನ ತಿದ್ದುಪಡಿ ಪ್ರಕಾರ ಅವನ ನೋಂದಣಿಗೆ ಹತ್ತು ವರ್ಷದ ಅವಧಿ.

ಕೆಳಗಿನ ಮೆಟ್ಟಿಲಲ್ಲಿ ಎಲ್‌ಸಿಒ, ಲೋಕಲ್ ಕೇಬಲ್ ಆಪರೇಟರ್. ಏಣಿ ಹೊತ್ತುಕೊಂಡು ಬರೋ ನಿಮ್ಮ ಬೀದಿಯವನು. ಮಳೆಯಲ್ಲಿ ಕಂಬ ಹತ್ತೋನು, ನಿಮ್ಮ ಕೈಲಿ ಬೈಸಿಕೊಳ್ಳೋನು ಇವನೇ.

ಹಳೇ ಅನಲಾಗ್ ಕಾಲದಲ್ಲಿ ಈ ಕೆಳಗಿನ ಮೆಟ್ಟಿಲಿನವನೇ ರಾಜ. ಐನೂರು ಮನೆಗೆ ಕನೆಕ್ಷನ್ ಇದ್ದರೂ ನೂರೇ ಅಂತ ಲೆಕ್ಕ ಕೊಡಬಹುದಿತ್ತು. ಎಣಿಸೋಕೆ ಯಾರಿಗೂ ಸಾಧ್ಯವಿರಲಿಲ್ಲ. ಚಾನೆಲ್‌ನವರಿಗೆ ದುಡ್ಡು ಬರ್ತಿರಲಿಲ್ಲ, ಸರ್ಕಾರಕ್ಕೆ ತೆರಿಗೆ ಬರ್ತಿರಲಿಲ್ಲ. ಅದಕ್ಕೇ 2011ರಲ್ಲಿ ಕಾಯ್ದೆಗೆ ತಿದ್ದುಪಡಿ ಮಾಡಿ ಡಿಜಿಟಲ್ ಕಡ್ಡಾಯ ಮಾಡಿದರು. ಮೊದಲು ನಾಲ್ಕು ಮಹಾನಗರ. ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಳಗೆ, ಬೆಂಗಳೂರು ಮತ್ತು ಮೈಸೂರು ಸೇರಿ 38 ನಗರ. ಆಮೇಲೆ ಉಳಿದ ಪಟ್ಟಣಗಳು. ಹಳ್ಳಿಗಳಿಗೆ 2017ರ ಮಾರ್ಚ್‌ವರೆಗೆ ಗಡುವು. ಪ್ರತಿ ಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತು, ಬಾಕ್ಸ್‌ಗೊಂದು ನಂಬರ್ ಬಂತು, ಲೆಕ್ಕ ಪಕ್ಕಾ ಆಯಿತು.

ಆದರೆ ಅದರ ಜೊತೆಗೇ ಇನ್ನೊಂದು ಆಯಿತು. ಚಾವಿ ಕೈ ಬದಲಾಯಿಸಿತು. ಬಾಕ್ಸ್ ಆನ್ ಮಾಡೋದು, ಆಫ್ ಮಾಡೋದು, ಯಾವ ಚಾನೆಲ್ ಎಷ್ಟನೇ ನಂಬರ್‌ನಲ್ಲಿ ಬರಬೇಕು ಅಂತ ತೀರ್ಮಾನಿಸೋದು ಎಲ್ಲವೂ ಎಂಎಸ್‌ಒ ಕೈಗೆ ಹೋಯಿತು. ನಿಮ್ಮ ಬೀದಿಯವನು ಬಿಲ್ ವಸೂಲಿ ಮಾಡೋ ಏಜೆಂಟ್ ಆಗಿಬಿಟ್ಟ.

ಅವನ ಲೆಕ್ಕ ನೋಡೋಣ ಬನ್ನಿ. 2019ರ ಫೆಬ್ರವರಿಯಿಂದ ಟ್ರಾಯ್ ಹೊಸ ದರಪದ್ಧತಿ ಜಾರಿಗೆ ಬಂತು. ಮೊದಲ ನೂರು ಚಾನೆಲ್‌ಗೆ ನೆಟ್‌ವರ್ಕ್ ಶುಲ್ಕ ಗರಿಷ್ಠ 130 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. ದುಡ್ಡು ಕೊಟ್ಟು ನೋಡೋ ಚಾನೆಲ್‌ಗಳ ಬೆಲೆ ಬೇರೆ. ಈ 130ರಲ್ಲಿ, ಇಬ್ಬರ ನಡುವೆ ಬೇರೆ ಒಪ್ಪಂದ ಆಗದಿದ್ದರೆ, ಶೇ. 55 ಎಂಎಸ್‌ಒಗೆ, ಶೇ. 45 ನಿಮ್ಮ ಬೀದಿಯವನಿಗೆ. ಅಂದರೆ ಮನೆಯೊಂದಕ್ಕೆ ಐವತ್ತೆಂಟೂವರೆ ರೂಪಾಯಿ. ಮುನ್ನೂರು ಮನೆ ಇಟ್ಟುಕೊಂಡವನಿಗೆ ತಿಂಗಳಿಗೆ 17,550 ರೂಪಾಯಿ. ಪೇ ಚಾನೆಲ್‌ಗಳ ಕಮಿಷನ್ ಒಂದಿಷ್ಟು ಸೇರುತ್ತೆ. ಇದರಲ್ಲಿ ಒಬ್ಬ ಹುಡುಗನ ಸಂಬಳ, ವೈರು, ಕರೆಂಟು, ಕಂಬದ ಬಾಡಿಗೆ, ಬೈಕಿನ ಪೆಟ್ರೋಲು. ಉಳಿದದ್ದು ಸಂಸಾರಕ್ಕೆ. 2024ರಲ್ಲಿ ಟ್ರಾಯ್ ಈ 130ರ ಮಿತಿಯನ್ನೂ ತೆಗೆದುಹಾಕಿತು. ಆದರೆ ಒಂದು ಕಡೆ ಮೊಬೈಲು, ಇನ್ನೊಂದು ಕಡೆ ತಿಂಗಳ ಬಾಡಿಗೆಯೇ ಇಲ್ಲದ ದೂರದರ್ಶನದ ಫ್ರೀ ಡಿಶ್ ಇರುವಾಗ ದರ ಏರಿಸಿದರೆ ಗಿರಾಕಿ ಉಳೀತಾನಾ?

ಅದಕ್ಕೇ ಹೇಳಿದ್ದು, ಕೇಬಲ್‌ನವನನ್ನು ಬೈಯೋ ಮುಂಚೆ ಅವನ ಜೇಬು ನೋಡಿ ಅಂತ.

ಹಾಗಂತ ಅವನಿಗೆ ಜವಾಬ್ದಾರಿ ಇಲ್ಲ ಅಂತಲ್ಲ. ನೋಂದಣಿ ಪಡೆದ ಮೇಲೆ ಕಾಯ್ದೆ ಕೆಲವು ಕಟ್ಟುಪಾಡು ಹಾಕುತ್ತೆ. ಸರ್ಕಾರ ಸೂಚಿಸಿದ ದೂರದರ್ಶನದ ಚಾನೆಲ್‌ಗಳನ್ನು ಕಡ್ಡಾಯವಾಗಿ ಕೊಡಬೇಕು. ಕಾರ್ಯಕ್ರಮ ಸಂಹಿತೆ, ಜಾಹೀರಾತು ಸಂಹಿತೆ ಪಾಲಿಸಬೇಕು. ಅಂದರೆ ಜಾತಿ ಧರ್ಮಗಳನ್ನು ಕೆಣಕುವಂಥದ್ದು, ಅಶ್ಲೀಲ, ಹಿಂಸೆಗೆ ಕುಮ್ಮಕ್ಕು ಕೊಡುವಂಥದ್ದು ಹಾಕುವಂತಿಲ್ಲ. ಹಕ್ಕು ಪಡೆಯದೆ ಸಿನಿಮಾ ಹಾಕುವಂತಿಲ್ಲ. ಶುಕ್ರವಾರ ಬಿಡುಗಡೆಯಾದ ಕನ್ನಡ ಸಿನಿಮಾ ಭಾನುವಾರ ಲೋಕಲ್ ಕೇಬಲ್‌ನಲ್ಲಿ ಬಂತು ಅಂತ ನಿರ್ಮಾಪಕರು ಗೋಳಾಡಿದ ಕಾಲ ಇತ್ತಲ್ಲ, ಅದು ಬರೀ ಅನ್ಯಾಯ ಅಲ್ಲ, ಕಾನೂನು ಉಲ್ಲಂಘನೆ. ಬಳಸೋ ಉಪಕರಣ ಭಾರತೀಯ ಮಾನಕದ್ದಾಗಿರಬೇಕು.

ಇದನ್ನೆಲ್ಲಾ ನೋಡಿಕೊಳ್ಳೋರು ಯಾರು? ಇಲ್ಲಿ ಜಿಲ್ಲಾಧಿಕಾರಿ ಬರ್ತಾರೆ. ಕಾಯ್ದೆಯ ಪ್ರಕಾರ ಅಧಿಕೃತ ಅಧಿಕಾರಿ ಅಂದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗಾಧಿಕಾರಿ, ಅಥವಾ ನಗರ ಪೊಲೀಸ್ ಕಮಿಷನರ್. ನಿಯಮ ಮುರಿದರೆ ಉಪಕರಣ ವಶಪಡಿಸಿಕೊಳ್ಳಬಹುದು. ಕೋಮು ದ್ವೇಷ ಹಬ್ಬಿಸುವ, ಸಾರ್ವಜನಿಕ ಶಾಂತಿ ಕದಡುವ ಕಾರ್ಯಕ್ರಮ ಅಂತ ಅನ್ನಿಸಿದರೆ, 19ನೇ ಸೆಕ್ಷನ್ ಅಡಿ ಆದೇಶ ಹೊರಡಿಸಿ ಅದನ್ನು ನಿಲ್ಲಿಸಬಹುದು. ಮೊದಲು ಈ ಕಾಯ್ದೆಯಲ್ಲಿ ಜೈಲು ಶಿಕ್ಷೆಯೂ ಇತ್ತು. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ! 2023ರ ಜನ ವಿಶ್ವಾಸ್ ಕಾಯ್ದೆ ಬಂದ ಮೇಲೆ ಜೈಲು ಹೋಯಿತು, ಎಚ್ಚರಿಕೆ, ಛೀಮಾರಿ, ದಂಡ ಉಳಿದವು.

ಕಾಯ್ದೆ ಹೀಗಿದೆ. ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದು ಹೆಸರು ಎಲ್ಲೂ ಬರಲಿಲ್ಲ, ಗಮನಿಸಿದಿರಾ? ದೆಹಲಿ ಬಂತು, ಪೋಸ್ಟ್ ಮಾಸ್ಟರ್ ಬಂದರು, ಡಿಸಿ ಬಂದರು, ಟ್ರಾಯ್ ಬಂತು. ನಿಮ್ಮ ಗ್ರಾಮ ಪಂಚಾಯಿತಿ ಬಂತಾ? ಪುರಸಭೆ ಬಂತಾ? ನೀವು ಬಂದಿರಾ? ಇಲ್ಲ. ತಂತಿ ಹೋಗಿರೋದು ನಿಮ್ಮ ರಸ್ತೆ ಮೇಲೆ, ನಿಮ್ಮ ಕಂಬದ ಮೇಲೆ. ನೋಡೋರು ನೀವು, ದುಡ್ಡು ಕೊಡೋರು ನೀವು. ಆದರೆ ಯಾರಿಗೆ ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು ಅಂತ ತೀರ್ಮಾನಿಸುವಾಗ ಊರಿನವರನ್ನು ಯಾರೂ ಕೇಳಲ್ಲ.

ಎಲ್ಲ ಕಡೆಯೂ ಹೀಗೇನಾ? ಅಲ್ಲ. ಅಮೆರಿಕದಲ್ಲಿ ಕೇಬಲ್ ಕಂಪನಿಗೆ ಅನುಮತಿ ಕೊಡೋದು ಬಹಳ ಕಾಲದಿಂದ ಊರಿನ ನಗರಸಭೆ. ಅದನ್ನವರು ಫ್ರಾಂಚೈಸ್ ಅಂತಾರೆ. ಲೆಕ್ಕ ಸರಳ: ನೀನು ನಮ್ಮ ರಸ್ತೆ ಅಗೆದು, ನಮ್ಮ ಜಾಗದಲ್ಲಿ ತಂತಿ ಎಳೆದು ದುಡ್ಡು ಮಾಡ್ತೀಯಾ, ಹಾಗಾದರೆ ಊರಿಗೆ ಏನು ಕೊಡ್ತೀಯಾ? 1984ರಲ್ಲಿ ಅಲ್ಲಿನ ಕಾಂಗ್ರೆಸ್ ಇದಕ್ಕೊಂದು ಕಾಯ್ದೆಯನ್ನೇ ಮಾಡಿತು. ಕಂಪನಿಯ ಕೇಬಲ್ ಆದಾಯದಲ್ಲಿ ಶೇ. 5ರವರೆಗೆ ಊರು ಶುಲ್ಕ ಪಡೆಯಬಹುದು. ಅಷ್ಟೇ ಅಲ್ಲ, ಸಾರ್ವಜನಿಕರಿಗೆ, ಶಾಲೆಗಳಿಗೆ, ಸ್ಥಳೀಯ ಆಡಳಿತಕ್ಕೆ ಅಂತ ಚಾನೆಲ್ ಬಿಟ್ಟುಕೊಡಬೇಕು ಅಂತ ಷರತ್ತು ಹಾಕಬಹುದು. ಹೀಗಾಗಿ ಅಲ್ಲಿನ ಎಷ್ಟೋ ಊರುಗಳಲ್ಲಿ ನಗರಸಭೆಯ ಸಭೆಯನ್ನು ಜನ ಮನೆಯಲ್ಲೇ ಕೂತು ನೋಡ್ತಾರೆ. ಯಾವ ಕೌನ್ಸಿಲರ್ ಏನು ಮಾತಾಡಿದ, ಯಾವನು ನಿದ್ದೆ ಹೊಡೆದ, ಎಲ್ಲಾ ಗೊತ್ತಾಗುತ್ತೆ. ಆ ಪದ್ಧತಿಯಲ್ಲೂ ಹುಳುಕಿಲ್ಲ ಅಂತಲ್ಲ. ಫ್ರಾಂಚೈಸ್ ಕೊಡೋ ಹೆಸರಲ್ಲಿ ಒಬ್ಬನೇ ಕಂಪನಿಯವನು ಊರು ಹಿಡಿದು ಕೂತು ದರ ಏರಿಸಿದ ದೂರುಗಳು ಅಲ್ಲೂ ಬೇಕಾದಷ್ಟಿವೆ. ಆದರೂ ಊರಿಗೆ ಒಂದು ಬಾಯಿ ಇತ್ತು.

ನಮ್ಮಲ್ಲಿ ಊರಿಗೆ ಬಾಯಿ ಇಲ್ಲದಿದ್ದರೆ ಏನಾಗುತ್ತೆ? ಒಂದು ಉದಾಹರಣೆ ಸಾಕು. 2014ರ ಜೂನ್‌ನಲ್ಲಿ ತೆಲಂಗಾಣ ರಾಜ್ಯ ಹುಟ್ಟಿದ ಕೆಲವೇ ದಿನಕ್ಕೆ ಅಲ್ಲಿನ ಕೇಬಲ್ ಜಾಲಗಳಲ್ಲಿ ಎರಡು ತೆಲುಗು ಸುದ್ದಿ ಚಾನೆಲ್‌ಗಳು, ಟಿವಿ9 ಮತ್ತು ಎಬಿಎನ್ ಆಂಧ್ರಜ್ಯೋತಿ, ಮಾಯವಾದವು. ಹೊಸ ವಿಧಾನಸಭೆಯ ಶಾಸಕರನ್ನು ಗೇಲಿ ಮಾಡಿದ ಕಾರ್ಯಕ್ರಮದ ಸಿಟ್ಟು ಅದು. ಸರ್ಕಾರ ಅಧಿಕೃತವಾಗಿ ನಿಷೇಧ ಹೇರಿರಲಿಲ್ಲ. ಕೇಬಲ್‌ನವರೇ ನಿಲ್ಲಿಸಿದ್ದು. ಪ್ರೇಕ್ಷಕ ಬೆಳಗ್ಗೆ ಎದ್ದು ರಿಮೋಟ್ ಒತ್ತಿದರೆ ಚಾನೆಲ್ ಇಲ್ಲ! ಆ ಚಾನೆಲ್ ಒಳ್ಳೇದೋ ಕೆಟ್ಟದ್ದೋ, ಆ ಕಾರ್ಯಕ್ರಮ ಸರಿಯೋ ತಪ್ಪೋ, ಅದು ಬೇರೆ ಮಾತು. ನೋಡೋದು ಬಿಡೋದು ಜನರ ಇಷ್ಟ ಆಗಬೇಕಿತ್ತು. ಅದನ್ನು ತಂತಿ ಹಿಡಿದವನು ತೀರ್ಮಾನಿಸಿದ. ಅನುಮತಿ ರದ್ದು ಮಾಡಿದರೆ ಕೋರ್ಟಿಗೆ ಹೋಗಬಹುದು. 'ತಾಂತ್ರಿಕ ತೊಂದರೆ ಸಾರ್' ಅಂದರೆ ಎಲ್ಲಿಗೆ ಹೋಗ್ತೀರಿ?

ತಮಿಳುನಾಡು ಬೇರೆ ದಾರಿ ಹಿಡಿಯಿತು. ಸರ್ಕಾರವೇ ಅರಸು ಕೇಬಲ್ ನಿಗಮ ಮಾಡಿ, 2011ರಲ್ಲಿ ತಿಂಗಳಿಗೆ 70 ರೂಪಾಯಿಗೆ ಕನೆಕ್ಷನ್ ಕೊಟ್ಟಿತು. ಜನಕ್ಕೆ ಅಗ್ಗ ಆಯಿತು, ನಿಜ. ಆದರೆ ತಂತಿ ಸರ್ಕಾರದ ಕೈಲಿದ್ದರೆ ಸರ್ಕಾರವನ್ನು ಬೈಯೋ ಚಾನೆಲ್ ಗತಿ ಏನು? ಈ ಕಾರಣಕ್ಕೇ ಸರ್ಕಾರಗಳು, ರಾಜಕೀಯ ಪಕ್ಷಗಳು ಪ್ರಸಾರ ಮತ್ತು ವಿತರಣೆಯ ವ್ಯವಹಾರಕ್ಕೆ ಇಳಿಯಬಾರದು ಅಂತ ಟ್ರಾಯ್ 2008ರಲ್ಲಿ ಹೇಳಿತು, 2012ರಲ್ಲಿ ಮತ್ತೆ ಹೇಳಿತು. ಅದನ್ನು ಕಾನೂನು ಮಾಡೋ ಉಮೇದು ಯಾವ ಪಕ್ಷಕ್ಕೂ ಬರಲಿಲ್ಲ. ಯಾಕೆ ಬರುತ್ತೆ ಹೇಳಿ!

ಹಾಗಾದರೆ ಊರಿನವರು ಏನು ಮಾಡಬಹುದು? ಬೈದು ಸುಮ್ಮನಾಗೋಕೆ ನಾನು ಇದನ್ನ ಹೇಳ್ತಿಲ್ಲ. ಕಾಯ್ದೆಯಲ್ಲೇ ಕೆಲವು ಕಿಂಡಿಗಳಿವೆ.

ಒಂದು, ಕೇಬಲ್ ಆಪರೇಟರ್ ಆಗೋಕೆ ಯಾರು ಅರ್ಹರು ಅಂತ ಕಾಯ್ದೆ ಹೇಳುತ್ತೆ. ಭಾರತದ ಪ್ರಜೆಯಾದ ಯಾವ ವ್ಯಕ್ತಿಯೂ ಆಗಬಹುದು, ಕಂಪನಿ ಆಗಬಹುದು, ಭಾರತೀಯ ಪ್ರಜೆಗಳು ಸೇರಿ ಮಾಡಿಕೊಂಡ ಸಂಘವೂ ಆಗಬಹುದು. ಸಂಘ ಅನ್ನೋ ಪದದ ಕೆಳಗೆ ಗೆರೆ ಎಳೆಯಿರಿ. ಊರೂರಲ್ಲಿ ಹಾಲಿನ ಡೇರಿಯನ್ನು ಸಂಘ ಮಾಡಿಕೊಂಡು ನಡೆಸೋಕೆ ಬರುತ್ತೆ ಅಂದರೆ, ಕೇಬಲ್ ನಡೆಸೋಕೆ ಯಾಕೆ ಬರಲ್ಲ? ಪಕ್ಕದ ಕೇರಳದಲ್ಲಿ ಸಣ್ಣ ಆಪರೇಟರ್‌ಗಳೇ ಒಂದಾಗಿ ಕೇರಳ ವಿಷನ್ ಕಟ್ಟಿಕೊಂಡರು. ದೊಡ್ಡ ಎಂಎಸ್‌ಒ ಮುಂದೆ ಕೈಕಟ್ಟಿ ನಿಲ್ಲೋ ಬದಲು ತಾವೇ ಎಂಎಸ್‌ಒ ಆದರು. ಇವತ್ತು ಅದೇ ತಂತಿಯಲ್ಲಿ ಇಂಟರ್ನೆಟ್ಟೂ ಕೊಡ್ತಿದ್ದಾರೆ.

ಎರಡು, ಊರಿನ ಸ್ವಂತ ಚಾನೆಲ್. ನಮ್ಮ ಜಿಲ್ಲೆ ತಾಲೂಕುಗಳಲ್ಲಿ ಲೋಕಲ್ ಕೇಬಲ್ ಚಾನೆಲ್ ನೋಡಿದ್ದೀರಲ್ಲ. ಜಾತ್ರೆ, ರಥೋತ್ಸವ, ಕಬಡ್ಡಿ ಪಂದ್ಯ, ಎಸ್ಎಸ್ಎಲ್‌ಸಿ ಟಾಪರ್‌ಗೆ ಸನ್ಮಾನ. ಬೆಂಗಳೂರಲ್ಲಿ ಕೂತ ನಮಗೆ ಅದು ಸುದ್ದಿಯೇ ಅಲ್ಲ. ಆದರೆ ಹೊಳೆ ತುಂಬಿ ಸೇತುವೆ ಮೇಲೆ ನೀರು ಹರಿದಾಗ ಯಾವ ರಸ್ತೆ ಬಂದ್ ಆಗಿದೆ, ಯಾವ ಶಾಲೆಗೆ ರಜೆ, ಗಂಜಿ ಕೇಂದ್ರ ಎಲ್ಲಿದೆ ಅಂತ ಹೇಳೋದು ಆ ಚಾನೆಲ್ಲೇ ಹೊರತು ನಾನಲ್ಲ. ನಾನು ಸ್ಟುಡಿಯೋದಲ್ಲಿ ರಾಜಕೀಯದ ಚರ್ಚೆ ಮಾಡ್ತಿರ್ತೀನಿ. ಇದನ್ನ ಒಪ್ಪಿಕೊಳ್ಳೋಕೆ ನನಗೆ ನಾಚಿಕೆ ಇಲ್ಲ.

ಇಂಥ ಲೋಕಲ್ ಚಾನೆಲ್‌ಗಳಿಗೆ ಸರ್ಕಾರಿ ಭಾಷೆಯಲ್ಲಿ ಪ್ಲಾಟ್‌ಫಾರ್ಮ್ ಸರ್ವಿಸ್ ಅಂತಾರೆ. 2022ರ ನವೆಂಬರ್ 30ರಂದು ಇವಕ್ಕೂ ಮಾರ್ಗಸೂಚಿ ಬಂತು. ಚಾನೆಲ್‌ಗೆ ಒಂದು ಸಾವಿರ ರೂಪಾಯಿ ಕಟ್ಟಿ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕು. ಸ್ಥಳೀಯ ಸುದ್ದಿ ಕೊಡೋದಾದರೆ ಕಂಪನಿ ಆಗಿರಲೇಬೇಕು. ಒಬ್ಬ ಎಂಎಸ್‌ಒ ತನ್ನ ಒಟ್ಟು ಚಾನೆಲ್ ಸಾಮರ್ಥ್ಯದಲ್ಲಿ ಶೇ. 5ಕ್ಕಿಂತ ಹೆಚ್ಚು ಇಂಥವನ್ನು ಇಡುವಂತಿಲ್ಲ. ಕಾರ್ಯಕ್ರಮದ ರೆಕಾರ್ಡಿಂಗ್ ಅನ್ನು 90 ದಿನ ಕಾಪಾಡಬೇಕು. ಸಾವಿರ ರೂಪಾಯಿ ದೊಡ್ಡದಲ್ಲ. ಆದರೆ ಹೆಂಡತಿ ಕ್ಯಾಮೆರಾ ಹಿಡಿದು ಗಂಡ ವಾರ್ತೆ ಓದೋ ತಾಲೂಕು ಚಾನೆಲ್‌ಗೆ ಕಂಪನಿ ನೋಂದಣಿ, ಆಡಿಟರ್, ವರ್ಷಾವರ್ಷ ರಿಟರ್ನ್ಸ್ ಅಂದರೆ ಕಷ್ಟವೇ. ಸುಳ್ಳು ಸುದ್ದಿ, ಬ್ಲ್ಯಾಕ್‌ಮೇಲ್ ತಡೆಯೋಕೆ ಒಂದು ಕಟ್ಟುಪಾಡು ಬೇಕು, ನಾನೂ ಒಪ್ತೀನಿ. ಆದರೆ ಕಳೆ ಕೀಳೋಕೆ ಹೋಗಿ ಪೈರನ್ನೂ ಕೀಳಬಾರದು.

ಮೂರು, ಕಂಬ ಮತ್ತು ರಸ್ತೆ. ನೋಂದಣಿ ದೆಹಲಿಯದಾದರೂ ರಸ್ತೆ ಅಗೆಯೋಕೆ ಸ್ಥಳೀಯ ಸಂಸ್ಥೆ ಬೇಕು, ಕಂಬಕ್ಕೆ ವಿದ್ಯುತ್ ಕಂಪನಿ ಬೇಕು. ಬೆಂಗಳೂರಿನ ಮರಗಳಲ್ಲಿ ಜಡೆ ಜಡೆಯಾಗಿ ನೇತಾಡೋ ಕೇಬಲ್ ನೋಡಿದ್ದೀರಿ. ಪಾಲಿಕೆಯವರು ಆಗಾಗ ಎಚ್ಚೆತ್ತು ಕತ್ತರಿ ಹಿಡಿದು ಹೊರಡ್ತಾರೆ, ವಾರಕ್ಕೆ ಮತ್ತೆ ನೇತಾಡುತ್ತೆ. ಆ ಅನುಮತಿ ಕೊಡುವಾಗಲೇ ಪುರಸಭೆ ಕೂತು ಮಾತಾಡಬಹುದಲ್ಲ: ತಂತಿ ನೆಟ್ಟಗೆ ಕಟ್ಟು, ಸಾಮಾನ್ಯ ಸಭೆಯನ್ನು ತಿಂಗಳಿಗೊಮ್ಮೆ ಲೋಕಲ್ ಚಾನೆಲ್‌ನಲ್ಲಿ ತೋರಿಸು, ಸರ್ಕಾರಿ ಶಾಲೆಗೆ ಒಂದು ಕನೆಕ್ಷನ್ ಕೊಡು ಅಂತ. ಹಕ್ಕಿನಿಂದ ಕೇಳೋಕೆ ಕಾನೂನಿನ ಬಲ ಇಲ್ಲದಿದ್ದರೂ ಕೂರಿಸಿ ಕೇಳಿದರೆ ಬೇಡ ಅನ್ನೋರು ಕಮ್ಮಿ. ಆದರೆ ಕೇಳೋರು ಬೇಕು.

ನಾಲ್ಕು, ದೂರು. ಪ್ರತಿ ಜಿಲ್ಲೆಯಲ್ಲೂ ಕೇಬಲ್ ಟಿವಿ ಉಸ್ತುವಾರಿ ಸಮಿತಿ ಇರಬೇಕು ಅಂತ ಕೇಂದ್ರದ ಆದೇಶವಿದೆ. ಜಿಲ್ಲಾಧಿಕಾರಿ ಅಧ್ಯಕ್ಷರು. ಎಸ್ಪಿ, ವಾರ್ತಾಧಿಕಾರಿ, ಮಹಿಳಾ ಕಾಲೇಜಿನ ಪ್ರಾಂಶುಪಾಲರು, ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳು ಸದಸ್ಯರು. ನಿಮ್ಮ ಜಿಲ್ಲೆಯಲ್ಲಿ ಆ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತು? ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ನೋಡಿ. ಅರ್ಜಿ ಬಂದ ಕೂಡಲೇ ಸಭೆ ಕರೆದರೂ ಕರೀಬಹುದು!

ಕೊನೆಗೊಂದು ಮಾತು. ಪೋಸ್ಟ್ ಆಫೀಸ್ ಪದ್ಧತಿ ಹೋಗಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ವರ್ಷಾವರ್ಷ ಕ್ಯೂ ನಿಂತು ಸೀಲು ಹಾಕಿಸೋ ಕಿರಿಕಿರಿ ತಪ್ಪಿತು, ಒಳ್ಳೇದೇ. ಅಂಚೆಯವರೂ ಆ ಪುಸ್ತಕವನ್ನು ತೆರೆದು ನೋಡಿದ್ದು ಕಮ್ಮಿ. ಆದರೆ ಆ ಪುಸ್ತಕ ನಿಮ್ಮೂರಲ್ಲಿತ್ತು. ಬೇಕಾದರೆ ಹೋಗಿ, 'ಸಾರ್, ನಮ್ಮ ಬೀದಿ ಕೇಬಲ್‌ನವನದು ನೋಂದಣಿ ಆಗಿದೆಯಾ?' ಅಂತ ಒಬ್ಬ ಮನುಷ್ಯನನ್ನು ಕೇಳಬಹುದಿತ್ತು. ಈಗ ಚಾನೆಲ್‌ನವನ ಅನುಮತಿ ದೆಹಲಿಯಲ್ಲಿ, ಎಂಎಸ್‌ಒ ನೋಂದಣಿ ದೆಹಲಿಯಲ್ಲಿ, ಬೀದಿಯ ಕೇಬಲ್‌ನವನದೂ ದೆಹಲಿಯಲ್ಲಿ. ಕಂಬ ಮಾತ್ರ ನಿಮ್ಮ ಮನೆ ಮುಂದೆ.

ಮುಂದಿನ ತಿಂಗಳು ಅವನು ದುಡ್ಡಿಗೆ ಬಂದಾಗ ಒಂದು ನಿಮಿಷ ನಿಲ್ಲಿಸಿ. ಬೈಯಬೇಡಿ, ಜಬರ್ದಸ್ತ್ ಬೇಡ. 'ನಿನ್ನ ನೋಂದಣಿ ಆಗಿದೆಯೇನಪ್ಪಾ? ನಮ್ಮೂರ ಪಂಚಾಯಿತಿ ಸಭೆ ನಿನ್ನ ಚಾನೆಲ್‌ನಲ್ಲಿ ಹಾಕೋಕಾಗುತ್ತಾ?' ಅಂತ ಕೇಳಿ. ರಸೀದಿಯನ್ನೂ ಕೇಳಿ. ಮೂವತ್ತು ವರ್ಷದಿಂದ ಯಾರೂ ಕೇಳದ ಪ್ರಶ್ನೆ ಅದು. ಅವನಿಗೂ ಆಶ್ಚರ್ಯ ಆಗುತ್ತೆ. ಕಾಫಿ ಕೊಡೋದನ್ನ ಮಾತ್ರ ಮರೀಬೇಡಿ.